ತಳಕ್ಕೆ ಅಂಟಿಸುವ ಹೆಸರು

ಟೆಸ್ಸಾಳಿಗೆ,

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಈ ಸಲ ನಮ್ಮ ಕ್ಲಿಂಟ್ ಹೊಸ ಹೆಂಡತಿ ಬ್ರಿಯಾನಾಳನ್ನು ಕರೆತರುತ್ತಿದ್ದಾನೆ. ನಿನಗೆ ಕರೆಯಿಲ್ಲ, ನಿನ್ನ ಸಿಹಿಗುಂಬಳದ ಡಿಪ್ ಮಾತ್ರ ಬೇಕು. ಒಲೆ ಹಚ್ಚದ ಅಡುಗೆ ತಾನೇ, ಕ್ರೀಮ್ ಚೀಸ್ ಜೊತೆ ಕಲಸಿದರಾಯಿತು ಎಂದುಕೊಂಡು ಬ್ರಿಯಾನಾ ಮೊನ್ನೆ ಮಾಡಿದಳು. ನೀನು ಹೆತ್ತ ಮೇಸಿ ಬಾಯಿಗಿಟ್ಟವಳೇ ಉಗಿದು, "ಥೂ, ಅಜ್ಜೀ! ನಂಗೆ ಅಮ್ಮ ಮಾಡೋದೇ ಬೇಕು" ಎಂದು ರಂಪ ಮಾಡಿದಳು.

ಬೆಳಿಗ್ಗೆಯೇ ತಂದು ಜಗಲಿಯ ಮೇಲಿಟ್ಟು ಹೋಗು, ಬೆಲ್ ಒತ್ತಬೇಡ. ಅದ್ದಿ ತಿನ್ನಲು ಶುಂಠಿ ಬಿಸ್ಕತ್ತನ್ನೂ ಇಡು. ಬಟ್ಟಲು ಅದಲುಬದಲಾಗದಂತೆ ತಳಕ್ಕೆ ಮಾಡಿದವರ ಹೆಸರು ಅಂಟಿಸುವ ನಮ್ಮ ಪದ್ಧತಿ ಗೊತ್ತಲ್ಲ? ಬ್ರಿಯಾನಾ ಎಂದು ಬರೆ. ದುಂಡಗೆ ಬರೆ. ಮೇಸಿ ಈಗ ಓದಲು ಕಲಿತಿದ್ದಾಳೆ.

ಒಂದು ಕಾಲದ ನಿನ್ನ ಅತ್ತೆ,
ಲೊರೇನ್