ಹುಲಿಗೆಮ್ಮ ಕೇಳದೆ ಉಳಿದ ಪ್ರಶ್ನೆ

ಕೃಷ್ಣೆಯ ನಡುಗಡ್ಡೆ
ಹೊಳೆ ಇಳಿದ ಒಂಬತ್ತನೆಯ ದಿನ, ೨೨೧೯

ಗಿರಿಜಾಬಾಯಿ ಟೀಚರಿಗೆ ನಮಸ್ಕಾರಗಳು.

ಈ ಕಾಗದ ನಿಮ್ಮ ಕಾಲಕ್ಕೆ ತಲುಪುತ್ತದೋ ಇಲ್ಲವೋ ಕಾಣೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಇನ್ನೂರು ವರ್ಷದಲ್ಲಿ ಮಾತು ಸವೆದಿದೆ. ನಾನು ಸುಂಕಮ್ಮ, ದ್ಯಾವಮ್ಮನ ವಂಶದವಳು. ನಿಮ್ಮ ಏಳನೇ ತರಗತಿಯ ಹುಲಿಗೆಮ್ಮ ಅವಳ ಅಕ್ಕ.

ನಮ್ಮಲ್ಲೀಗ ಪ್ರತಿ ಮನೆಯ ಮುಂದೆ ಬಿಸಿಲಹಗ್ಗ ಇದೆ. ಅಂದರೆ ತಿಂಗಳ ಮುಟ್ಟಿನ ಬಟ್ಟೆಗಳನ್ನು ತೊಳೆದು ಅಂಗಳದ ಬಿಸಿಲಿಗೇ ಒಣಹಾಕುವ ಹಗ್ಗ. ಬೀಗರು ಬಂದರೂ ಯಾರೂ ಅದನ್ನು ಬಿಚ್ಚುವುದಿಲ್ಲ. ಮಳೆ ಹನಿದರೆ ನನ್ನ ಗಂಡನೇ ಓಡಿಹೋಗಿ ಬಟ್ಟೆ ತರುತ್ತಾನೆ, ಮಡಚಲು ಮಾತ್ರ ಅವನಿಗೆ ಇವತ್ತಿಗೂ ಬರುವುದಿಲ್ಲ. ಓದಿ ನಿಮಗೆ ನಾಚಿಕೆಯಾಗುತ್ತಿರಬಹುದು. ಆ ನಾಚಿಕೆಯ ಬಗ್ಗೆಯೇ ಬರೆಯುತ್ತಿದ್ದೇನೆ.

ನಾಳೆ ತೆಪ್ಪದಲ್ಲಿ ನಿಮ್ಮ ಶಾಲೆಗೆ ಪ್ಯಾಡಿನ ಬಾಕ್ಸು ಬರುತ್ತದೆ. ಹುಡುಗಿಯರಿಗೆ ಒಂದೊಂದು ಪ್ಯಾಕೆಟ್ಟು ಕೊಟ್ಟು, "ಏನೂ ಕೇಳಬ್ಯಾಡ್ರಿ, ಮನ್ಯಾಗ ನಿಮ್ಮವ್ವನ್ನ ಕೇಳ್ರಿ" ಎಂದು ಕಳಿಸುತ್ತೀರಿ. ನಿಮಗಿದು ನಾಳೆ, ನಮಗೆ ಎಂದೋ ಆಗಿಹೋದದ್ದು. ಹುಲಿಗೆಮ್ಮನ ಅವ್ವ ಅಂಥದ್ದನ್ನು ಕಂಡವಳೇ ಅಲ್ಲ. ಹೊಳೆ ದಾಟಿ ಬಂದ ವಸ್ತುವನ್ನು ಒಮ್ಮೆ ಬಳಸಿ ಎಸೆಯುವುದುಂಟೇ ಎಂದು, ಹಳೇ ಸೀರೆಯ ತುಂಡಿನಂತೆ ಅದನ್ನೂ ತೊಳೆದು, ಗಂಡಸರ ಕಣ್ಣಿಗೆ ಬೀಳದಂತೆ ಜೋಳ ತುಂಬಿಡುವ ವಾಡೆಯ ಹಿಂದೆ ಒಣಹಾಕಿದಳು. ಅಲ್ಲಿ ಅದು ಒಣಗಲೇ ಇಲ್ಲ. ಹಸಿಯಾಗಿದ್ದುದನ್ನೇ ಹುಡುಗಿ ಮತ್ತೆ ಮತ್ತೆ ಇಟ್ಟುಕೊಂಡಳು.

ಮೂರನೇ ತಿಂಗಳು ಜ್ವರ ಬಂತು. ಎಲ್ಲಿ ನೋವೆಂದು ಹೇಳಲು ಅವಳ ಬಾಯಲ್ಲಿ ಮಾತಿರಲಿಲ್ಲ. "ಹೊಟ್ಟಿ ಬ್ಯಾನಿ" ಎಂದಳು. ಅಜವಾನದ ಕಷಾಯ ಕುಡಿಸಿದರು. ಹೊಳೆ ತುಂಬಿತ್ತು, ತೆಪ್ಪ ನಿಂತಿತ್ತು. ಐದನೇ ದಿನ ಹೋದಳು. ಹದಿಮೂರು ವರ್ಷ, ಟೀಚರ್!

ನಿಮ್ಮನ್ನು ಬೈಯುತ್ತಿಲ್ಲ. ನಿಮಗೂ ಯಾರೂ ಹೇಳಿಕೊಟ್ಟಿರಲಿಲ್ಲವೆಂದು ಬಲ್ಲೆ. ದ್ಯಾವಮ್ಮ ದೊಡ್ಡವಳಾಗಿ ಮನೆಮನೆಗೂ ಹೋಗಿ ತಿಳಿಸಿದಳು. ಮೊದಲ ಬಿಸಿಲಹಗ್ಗ ಕಟ್ಟಿದವಳೂ ಅವಳೇ. ನಮ್ಮ ಶಾಲೆಯಲ್ಲಿ ಇದನ್ನೆಲ್ಲ ಹೇಳಿಕೊಡುವುದಕ್ಕೆ ಹುಲಿಗೆಮ್ಮನ ಪಾಠ ಎನ್ನುತ್ತಾರೆ. ಆ ಹೆಸರೇ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು.

ಹುಲಿಗೆಮ್ಮನ ನೋಟ್‌ಬುಕ್ಕು ನಮ್ಮ ಮನೆಯಲ್ಲಿದೆ. ನಿಮ್ಮ ನಾಳೆಯ ತಾರೀಖಿನ ಪುಟದಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದಾಳೆ: "ಟೀಚರ್, ಇದನ್ನ ತೊಳದು ಎಲ್ಲಿ ಒಣಗಿಸಬೇಕ್ರಿ?" ಉತ್ತರ ಎರಡೇ ಮಾತು. ಪ್ಯಾಡಾದರೆ ಒಂದೇ ಸಲಕ್ಕೆ, ಬಟ್ಟೆಯಾದರೆ ಬಿಸಿಲಿಗೆ.

ನಾಳೆ ಅವಳು ಕಿಟಕಿ ಪಕ್ಕದ ಎರಡನೇ ಸಾಲಿನಲ್ಲಿ ಕೂತಿರುತ್ತಾಳೆ. ಕೈ ಎತ್ತಿ, ಇಳಿಸಿಬಿಡುತ್ತಾಳೆ. ಒಂದೇ ಕೋಣೆಯ ಶಾಲೆಯಾದ್ದರಿಂದ ಅಕ್ಕನ ಪಕ್ಕದಲ್ಲೇ ಕೂತಿದ್ದ ದ್ಯಾವಮ್ಮ ಸಾಯುವತನಕ ಇದನ್ನೇ ಹೇಳುತ್ತಿದ್ದಳಂತೆ. ಟೀಚರ್, ನಿಮ್ಮ ಕಾಲಿಗೆ ಬೀಳುತ್ತೇನೆ, "ಏನವ್ವ, ಏನ್ ಕೇಳಬೇಕಂತಿ?" ಎಂದು ಒಂದು ಮಾತು ಕೇಳಿ.