ಮೂರು ದಿನ ತಡವಾದ ಕಾನೂನು

೯ ಜುಲೈ ೧೯೨೪, ಬುಧವಾರ

ಉರ್ವದ ಬೂಬನ ಬಟ್ಟೆ ಸುತ್ತಿದ ಮೊಂಡುಗೈ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯುವುದಿಲ್ಲವೆಂದು ಹಂಚಿನ ಕಾರ್ಖಾನೆಗೆ ಕೂಲಿಗೆ ಹೋದವನು. ಕಳೆದ ತಿಂಗಳು ಇಪ್ಪತ್ತೆಂಟಕ್ಕೆ ಅಚ್ಚಿನ ಯಂತ್ರಕ್ಕೆ ಬಲಗೈ ಸಿಕ್ಕಿ ಜಜ್ಜಿಹೋಯಿತು. ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ಕತ್ತರಿಸಿದರು. ಕೆಲಸದಲ್ಲಿ ಅಂಗ ಕಳೆದುಕೊಂಡವನಿಗೆ ಮಾಲೀಕ ಪರಿಹಾರ ಕೊಡಬೇಕೆಂಬ ಹೊಸ ಕಾನೂನು ಜಾರಿಗೆ ಬಂದದ್ದು ಜುಲೈ ಒಂದಕ್ಕೆ. ಅದಕ್ಕೆ ಮೊದಲು ಆದದ್ದಕ್ಕೆ ಅನ್ವಯಿಸುವುದಿಲ್ಲ.

ಇಂದು ನನ್ನ ವಕೀಲಿ ಕಚೇರಿಗೆ ಬಂದ ಅವರಿಬ್ಬರಿಗೆ ಇದನ್ನು ಹೇಳಿದಾಗ ಅವನ ಹೆಂಡತಿ ಅಪ್ಪಿ ಮೇಜಿನ ಹತ್ತಿರ ಬಂದಳು. "ಮೂರೇ ದಿನ ಅಲ್ವಾ ಧಣಿ? ಒಂದನೇ ತಾರೀಕು ಅಂತ ಬರೀರಿ. ಯಾರಿಗೆ ಗೊತ್ತಾಗ್ತದೆ?"

"ಆಸ್ಪತ್ರೆಯ ಪುಸ್ತಕದಲ್ಲಿ ತಾರೀಕು ಉಂಟಲ್ಲ, ಅಪ್ಪಿ" ಎಂದೆ.

ಬೂಬ ಕೇಳಿದ್ದು ಒಂದೇ ಮಾತು. "ಒಂದು ಕೈಯಲ್ಲಿ ಬಲೆ ಎಳೀಲಿಕ್ಕೆ ಆಗ್ತದಾ ಧಣಿ?" ಅದಕ್ಕೂ ನನ್ನ ಪುಸ್ತಕಗಳಲ್ಲಿ ಉತ್ತರವಿದೆಯೇನೋ ಎಂಬಂತೆ ಕೇಳಿದ.

ಅವರು ಹೋದ ಮೇಲೆ ನಾನೇ ಆಸ್ಪತ್ರೆಗೆ ಹೋಗಿ ಪುಸ್ತಕ ತೆಗೆಸಿ ನೋಡಿದೆ. ಇಪ್ಪತ್ತು ವರ್ಷದ ವಕೀಲಿಯಲ್ಲಿ ಮೊದಲ ಸಲ, ಯಾರಾದರೂ ತಪ್ಪು ಬರೆದಿರಲಿ ದೇವರೇ ಎಂದು ಬೇಡಿಕೊಂಡೆ. ಕಂಪೌಂಡರ್ ದುಂಡಗಿನ ಅಕ್ಷರದಲ್ಲಿ, ಗಂಟೆಯನ್ನೂ ಸೇರಿಸಿ, ಸರಿಯಾಗಿಯೇ ಬರೆದಿದ್ದ.

ನಾಳೆ ಬರುತ್ತೇನೆ ಎಂದಿದ್ದಾಳೆ ಅಪ್ಪಿ. ಅವಳಿಗೆ ಏನೆಂದು ಹೇಳಲಿ?