ಶಾಲೆಯ ನೀರಿನ ನಿಜವಾದ ವರದಿ

ಪ್ರೀತಿಯ ಅಕ್ಕನಿಗೆ,

"ಮಕ್ಕಳು ಪಾಠದ ಮಧ್ಯೆ ಸುಸ್ತಾಗಿ ಮಲಗಿಬಿಡ್ತಾರೆ ಕಣೋ" ಎಂದು ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಇವತ್ತೇ ಶಾಲೆಯ ನಲ್ಲಿಗಳನ್ನು ಮುಚ್ಚಿಸು. ಅವರು ಮನೆಯಿಂದ ನೀರು ತರಲಿ.

ಬಣ್ಣದ ಕಾರ್ಖಾನೆಯಿದ್ದ ಆ ಜಾಗವನ್ನು ಜಿಲ್ಲಾಡಳಿತ ಶಾಲೆಗೆ ಕೊಡುವ ಮುಂಚೆ ಅಲ್ಲಿನ ನೀರನ್ನು ಪರೀಕ್ಷಿಸಿದವನು ನಾನೇ. ಅದರಲ್ಲಿ ಸೀಸವಿತ್ತು. "ನಿಮ್ಮಕ್ಕ ಹತ್ತು ವರ್ಷ ಅಲೆದಿದ್ದಾರೆ. ಶಾಲೆ ಬೇಕೋ ಬೇಡ್ವೋ, ನೀವೇ ಹೇಳಿ" ಎಂದರು ನಮ್ಮ ಕಚೇರಿಯ ಸಾಹೇಬರು. ಕುಡಿಯಲು ಯೋಗ್ಯ ಎಂದು ಬರೆದು ಸಹಿ ಹಾಕಿದೆ.

ನಿಜವಾದ ವರದಿ ಇದರ ಜೊತೆಗಿದೆ. ನನ್ನ ಕೆಲಸದ ಚಿಂತೆ ಮಾಡದೆ ಪತ್ರಿಕೆಯವರಿಗೆ ಕೊಡು. ನಿನ್ನ ಓಡಾಟವೆಲ್ಲ ನೀರುಪಾಲಾಗುತ್ತದೆ, ಗೊತ್ತು.

"ಸೋದರತ್ತೆ ಪಾಠ ಮಾಡೋ ಶಾಲೆ ನಿನ್ನ ಮಗಳಿಗೆ ಬೇಡ್ವೇನೋ?" ಎಂದು ನೀನು ಮುನಿಸಿಕೊಂಡಾಗ, ಶಾಲೆ ದೂರವಾಗುತ್ತದೆ ಎಂದು ನಾನು ಹೇಳಿದ್ದೆ. ಅದು ಸುಳ್ಳು, ಅಕ್ಕ. ಅವಳು ಆ ನೀರು ಕುಡಿಯುವುದು ನನಗೆ ಬೇಡವಾಗಿತ್ತು.

ನಿನ್ನ ತಮ್ಮ